ಲ್ಯಾಂಕಾಶೈರ್ ಕಡೆಗೆ ವಾಲಿದ ಪುಡ್ಡಿಂಗ್

ವಿನ್ನಿ ಕ್ರಾಬ್‌ಟ್ರೀ ಮಾಡಿದ ಪುಡ್ಡಿಂಗ್ ಉಬ್ಬುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಉಬ್ಬುತ್ತಿತ್ತು. ಅರ್ಧ ಉಬ್ಬುತ್ತಿತ್ತು. ಬೇಯಿಸುವ ಚೌಕ ತಗಡಿನ ಒಂದು ತುದಿಯಲ್ಲಿ ಗುಡ್ಡದ ಹಾಗೆ ಎದ್ದು, ಅಂಚು ದಾಟಿ ಹೊರಗೆ ಇಣುಕುತ್ತಿತ್ತು. ಇನ್ನೊಂದು ತುದಿಯಲ್ಲಿ ಹಪ್ಪಳದ ಹಾಗೆ ಒಣಗಿ ತಳಕ್ಕೆ ಕಚ್ಚಿಕೊಂಡಿರುತ್ತಿತ್ತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಎದ್ದು ನಿಲ್ಲುವ ತುದಿ ಪ್ರತಿ ಸಲವೂ ಪಶ್ಚಿಮದ ತುದಿಯೇ. ಅಡುಗೆಮನೆಯ ಪಶ್ಚಿಮದ ಗೋಡೆಯಾಚೆ ಕಡಿದಾದ ಬೀದಿ, ಬೀದಿಯಾಚೆ ಬೋಳು ಗುಡ್ಡ, ಗುಡ್ಡದಾಚೆ ಯಾರ್ಕ್‌ಶೈರಿನ ಹಳೆಯ ವೈರಿ ಲ್ಯಾಂಕಾಶೈರ್.

ಯಾರ್ಕ್‌ಶೈರ್ ಪುಡ್ಡಿಂಗ್ ಎಂದು ನಾಡಿನ ಹೆಸರನ್ನೇ ಹೊತ್ತುಕೊಂಡ ಪದಾರ್ಥ, ಯಾರ್ಕ್‌ಶೈರಿನ ಮನೆಯೊಳಗೆ, ಯಾರ್ಕ್‌ಶೈರಿನ ಕೊಬ್ಬಿನಲ್ಲಿ ಬೆಂದು, ಲ್ಯಾಂಕಾಶೈರ್ ಕಡೆಗೆ ತಿರುಗಿ ನಮಸ್ಕಾರ ಮಾಡುವುದೆಂದರೆ!

"ಹೋದ ವಾರ ಕತ್ತು ಬಗ್ಗಿಸಿತ್ತು. ಈ ವಾರ ಸೊಂಟಾನೇ ಬಗ್ಗಿಸಿದೆ," ಎಂದಳು ಹಿಲ್ಡಾ, ತಟ್ಟೆಯನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದು. "ಮುಂದಿನ ವಾರ ಎದ್ದು ಬಸ್ ಹತ್ಕೊಂಡು ಹೋಗುತ್ತೆ ನೋಡ್ತಿರಿ."

ಹಿಲ್ಡಾ, ವಿನ್ನಿಯ ಗಂಡ ಹೆರಾಲ್ಡ್‌ನ ಅಕ್ಕ. ಗಂಡ ತೀರಿಕೊಂಡ ಮೇಲೆ ಊರಿನ ಕೆಳಗೆ, ಹೊಳೆಯ ಪಕ್ಕದ ಸಮನೆಲದಲ್ಲಿ, ಒಂದು ಪುಟ್ಟ ಬಂಗಲೆಯಲ್ಲಿ ಒಬ್ಬಳೇ ಇದ್ದಳು. ಆಕೆಯನ್ನು ದಪ್ಪ ಎನ್ನುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಬಾಗಿಲಲ್ಲಿ ಆಕೆ ನಿಂತರೆ ಮನೆಗೆ ಬೆಳಕು ಕಡಿಮೆಯಾಗುತ್ತಿತ್ತು, ಅಷ್ಟೆ. ಆಕೆಯ ಪುಡ್ಡಿಂಗ್ ಮಾತ್ರ ಕಿರೀಟದಂತೆ ಉಬ್ಬುತ್ತಿತ್ತು. ಅದನ್ನು ತಿನ್ನಲು ಅಲ್ಲಿ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಆ ಮನೆಗಳಲ್ಲಿ ಭಾನುವಾರ ಮಧ್ಯಾಹ್ನ ಮೊದಲು ತಟ್ಟೆಗೆ ಬೀಳುವುದು ಪುಡ್ಡಿಂಗೇ. ಹೆಸರು ಹಾಗಿದ್ದರೂ ಸಿಹಿಯಲ್ಲ. ಮೊಟ್ಟೆ, ಹಾಲು, ಮೈದಾ ಕದಡಿದ ತೆಳ್ಳನೆ ಹಿಟ್ಟನ್ನು ಹೊಗೆಯಾಡುವ ಕೊಬ್ಬಿನ ಮೇಲೆ ಸುರಿದು ಓವನ್ನಿಗೆ ತಳ್ಳಿದರೆ, ಅದು ನಾಲ್ಕೂ ಕಡೆ ಗೋಡೆ ಎಬ್ಬಿಸಿಕೊಂಡು, ನಡುವೆ ಗ್ರೇವಿಗೆ ಜಾಗ ಬಿಟ್ಟು, ಹೊಂಬಣ್ಣಕ್ಕೆ ತಿರುಗಿ ಬರಬೇಕು. ಮಾಂಸ, ಆಲೂಗಡ್ಡೆ, ಬಟಾಣಿ ಎಲ್ಲ ಆಮೇಲೆ. ಮಾಂಸ ಸೀದರೆ ಜನ ಸುಮ್ಮನಿರುತ್ತಾರೆ. ಪುಡ್ಡಿಂಗ್ ಕೆಟ್ಟರೆ ಅಕ್ಕಪಕ್ಕದವರು ಬಂದು ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಾರೆ.

ಈ ಮನೆಯಲ್ಲಿ ಅದಕ್ಕೊಂದು ತಗಡಿತ್ತು. ಹೆರಾಲ್ಡ್ ಮತ್ತು ಹಿಲ್ಡಾಳ ತಾಯಿ ಸೆಲೀನಾಗೆ ಅವರ ತಾಯಿಯಿಂದ ಬಂದ ತಗಡು. ಎಷ್ಟೋ ವರ್ಷಗಳ ಕೊಬ್ಬು ಕುಡಿದು ಕುಡಿದು ಇದ್ದಿಲಿನಷ್ಟು ಕಪ್ಪಾಗಿತ್ತು. ಅದನ್ನು ಕಾಗದದಲ್ಲಿ ಒರೆಸಬೇಕೇ ಹೊರತು ನೀರು ಸೋಕಿಸಬಾರದು. ಹಿಲ್ಡಾ ಹರೆಯದಲ್ಲಿ ಒಂದು ಸಲ ಅದನ್ನು ಸೋಡಾ ಹಾಕಿ ತಿಕ್ಕಿ ತೊಳೆದುಬಿಟ್ಟಿದ್ದಳು. ಸೆಲೀನಾ ಏನೂ ಬೈಯಲಿಲ್ಲ. ಏಪ್ರನ್ ಬಿಚ್ಚಿಟ್ಟು, ಕುರ್ಚಿಯಲ್ಲಿ ಕೂತು, ಕತ್ತಲಾಗುವವರೆಗೂ ಕಿಟಕಿ ನೋಡಿದಳಂತೆ. ಕೊನೆಗಾಲದಲ್ಲಿ ತಗಡನ್ನು ಮಗಳಿಗೆ ಕೊಡದೆ ಸೊಸೆ ವಿನ್ನಿಯ ಕೈಗಿಟ್ಟಳು. "ಒರೆಸು, ತೊಳೀಬೇಡ" ಎಂದಳು. ಆಮೇಲೆ ಆಕೆ ಮಾತಾಡಲಿಲ್ಲ.

ತಗಡು ಯಾರ ಮನೆಯಲ್ಲಿರುತ್ತದೋ ಭಾನುವಾರವೂ ಅವರ ಮನೆಯದೇ. ಅಂದಿನಿಂದ ಹಿಲ್ಡಾ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದಳು, ಮುಂದಿನ ಕೋಣೆಯ ಕಲ್ಲುಹಾಸಿನ ಮೇಲೆ ಮೇಜಿನ ಮುಂದೆ ಕೂತು ಉಣ್ಣುತ್ತಿದ್ದಳು, ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

ಪುಡ್ಡಿಂಗ್ ವಾಲತೊಡಗಿದ ಹೊತ್ತಿಗೇ ಎರಡು ಹೊಸ ಸಂಗತಿಗಳು ಒಟ್ಟೊಟ್ಟಿಗೆ ಮನೆಗೆ ಬಂದಿದ್ದವು. ಒಂದು, ಗ್ಯಾಸಿನ ಹೊಸ ಓವನ್. ಗೋಡೆಗೇ ಕಟ್ಟಿದ್ದ ಹಳೆಯ ಕಲ್ಲಿದ್ದಲ ಒಲೆಯನ್ನು ಮುಚ್ಚಿಸಿ, ಪಶ್ಚಿಮದ ಗೋಡೆಗೆ ಒರಗಿಸಿ ಇಟ್ಟಿದ್ದರು. ಬಾಗಿಲಿಗೆ ಗಾಜು, ಒಳಗೆ ದೀಪ. ಇಳಿಸಲು ಬಂದ ಆಳುಗಳೇ ಏದುಸಿರು ಬಿಟ್ಟಿದ್ದರು, ಅಷ್ಟು ಭಾರ. ಇನ್ನೊಂದು, ಮಗ ರೋಲಂಡ್ ಮದುವೆಯಾಗಬೇಕೆಂದು ಕರೆತಂದ ಹುಡುಗಿ ಬೆರಿಲ್. ರೋಲಂಡ್ ಗುಡ್ಡ ದಾಟಿ ಹೋಗುವ ಬಸ್ಸಿನ ಡ್ರೈವರ್. ಆ ಕಡೆಯ ಕೊನೆಯ ನಿಲ್ದಾಣದಲ್ಲಿ ದಿನಾ ಹತ್ತುತ್ತಿದ್ದಳು ಬೆರಿಲ್. ಅಂದರೆ ಲ್ಯಾಂಕಾಶೈರಿನವಳು.

ಓವನ್ ಯಾರ್ಕ್‌ಶೈರಿನದೇ ಆದ ಲೀಡ್ಸಿನಿಂದ ಬಂದಿತ್ತು. ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ನಾನು ಹುಡುಗಿ ಕೆಟ್ಟವಳು ಅಂತಿಲ್ಲ," ಎಂದಳು ಹಿಲ್ಡಾ, ಬೆರಿಲ್ ಎದುರಿಗೇ ಕೂತಿದ್ದಾಗ. "ಪಾಪ, ಎಲ್ಲಿ ಹುಟ್ಟೋದು ಅಂತ ಯಾರೂ ಅವಳನ್ನ ಕೇಳಿರಲ್ಲ. ಆದ್ರೆ ಪುಡ್ಡಿಂಗಿಗೆ ತಿಳಿಯುತ್ತೆ. ಮನೆಗೆ ಆ ಕಡೆಯ ಗಾಳಿ ಬಂದ್ರೆ ಅದು ಆ ಕಡೆ ಎಳೆಯುತ್ತೆ."

"ಹಿಲ್ಡಾ ಅತ್ತೆ, ಪುಡ್ಡಿಂಗಿಗೆ ದಿಕ್ಕು ಹೇಗೆ ಗೊತ್ತಾಗುತ್ತೆ?" ಎಂದ ರೋಲಂಡ್.

"ಪಾರಿವಾಳಕ್ಕೆ ಹೇಗೆ ಗೊತ್ತಾಗುತ್ತೋ?"

ಹೆರಾಲ್ಡ್ ಪಾರಿವಾಳ ಸಾಕುತ್ತಿದ್ದ. ಅವನು ಗಂಭೀರವಾಗಿ ತಲೆದೂಗಿದ.

ವಿನ್ನಿ ಮಾಡದ ಪ್ರಯತ್ನವಿಲ್ಲ. ಹಿಟ್ಟನ್ನು ತೋಳು ನೋಯುವವರೆಗೆ ಕದಡಿದಳು. ರಾತ್ರಿಯಿಡೀ ನೆಲಮಾಳಿಗೆಯ ಮೆಟ್ಟಿಲ ಮೇಲೆ ತಣ್ಣಗೆ ಇಟ್ಟು ನೋಡಿದಳು. ಹಾಲಿಗೆ ನೀರು ಬೆರೆಸಿದಳು, ಬೆರೆಸದೆ ಬಿಟ್ಟಳು. ಒಂದು ಮೊಟ್ಟೆ ಹೆಚ್ಚು ಹಾಕಿದಳು. ಕೊಬ್ಬನ್ನು ಅಡುಗೆಮನೆ ಕಾಣದಷ್ಟು ಹೊಗೆಯೇಳುವವರೆಗೆ ಕಾಯಿಸಿದಳು. ಒಂದು ಭಾನುವಾರ ತಗಡನ್ನೇ ಹಿಂದುಮುಂದಾಗಿ ತಿರುಗಿಸಿ ಇಟ್ಟಳು. ಪುಡ್ಡಿಂಗ್ ಹಾಗೂ ಪಶ್ಚಿಮಕ್ಕೇ ಎದ್ದಿತು.

"ನೋಡಿದ್ರಾ? ಸೂರ್ಯಕಾಂತಿ ಥರ ಮುಖ ತಿರುಗಿಸ್ಕೊಂಡಿದೆ!" ಎಂದಳು ಹಿಲ್ಡಾ. ಅಲ್ಲಿಗೆ ಆಕೆಯ ವಾದ ಗೆದ್ದ ಹಾಗೇ ಆಯಿತು.

ಹೆರಾಲ್ಡ್ ಯಾರ್ಕ್‌ಶೈರಿನ ಲಾಂಛನವಾದ ಬಿಳಿಗುಲಾಬಿ ಬಿಡಿಸಿದ್ದ ಟವೆಲ್ಲೊಂದನ್ನು ತಂದು ಓವನ್ನಿನ ಹಿಂದಿನ ಗೋಡೆಗೆ ಮೊಳೆ ಹೊಡೆದ. ಪುಡ್ಡಿಂಗ್ ಹೆದರಲಿಲ್ಲ. ಪಕ್ಕದ ಮನೆಯವರು ಬಂದು, "ಆ ಹುಡುಗೀನ ಪೂರ್ವದ ಮೂಲೆಗೆ ಕೂರಿಸಿ ನೋಡಿ, ಅವಳ ಕಡೆ ಎಳೆಯುತ್ತೇನೋ" ಎಂದು ಸಲಹೆ ಕೊಟ್ಟರು. ಬೆರಿಲ್ ಎದ್ದು ಹೋಗಿ, ಅಡುಗೆಮನೆಯ ಪೂರ್ವದ ಮೂಲೆಯಲ್ಲಿ, ಉಗ್ರಾಣದ ಬಾಗಿಲ ಬಳಿ, ಬಟಾಣಿ ಸುಲಿಯುವ ಬಟ್ಟಲು ಹಿಡಿದು ಕೂತಳು. ಪೊರಕೆ ಕಡ್ಡಿಯಂಥ ಹುಡುಗಿ. ಕೂತಳು ಎಂದು ಕುರ್ಚಿಗೇ ಗೊತ್ತಾಗಲಿಲ್ಲ. ಪುಡ್ಡಿಂಗ್ ಎಂದಿನಂತೆ ಪಶ್ಚಿಮಕ್ಕೆ.

ಆದರೆ ಆ ಮೂಲೆಯಲ್ಲಿ ಕೂತಾಗ ಬೆರಿಲ್ ಒಂದು ವಿಷಯ ನೋಡಿದಳು. ಕೈತಪ್ಪಿ ಬಿದ್ದ ಒಂದು ಬಟಾಣಿ ಕಾಳು ನೆಲದ ಹಲಗೆಯ ಮೇಲೆ ಉರುಳಿತು. ಉರುಳಿತು, ಉರುಳಿತು, ಮೇಜಿನ ಕೆಳಗೆ ಹಾದು, ಓವನ್ನಿನ ಬುಡಕ್ಕೆ ಹೋಗಿ ನಿಂತಿತು. ಅವಳು ಇನ್ನೊಂದನ್ನು ಬೀಳಿಸಿ ನೋಡಿದಳು. ಅದೂ ಅದೇ ದಾರಿ ಹಿಡಿದು ಹೋಯಿತು. ವಿನ್ನಿ ಒಲೆಯ ಮುಂದೆ ನಿಂತವಳು ತಿರುಗಿಯೂ ನೋಡದೆ ಚಪ್ಪಲಿಯ ತುದಿಯಿಂದ ಅದನ್ನು ತಡೆದು, ಬಗ್ಗಿ ಎತ್ತಿ ಬಟ್ಟಲಿಗೆ ಹಾಕಿದಳು. ಅದು ಅವಳಿಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು. ಮೇಜಿನ ಎರಡು ಕಾಲುಗಳ ಕೆಳಗೆ ಹೆರಾಲ್ಡ್ ಯಾವಾಗಲೋ ರಟ್ಟಿನ ತುಂಡುಗಳನ್ನು ಮಡಿಸಿ ಇಟ್ಟಿದ್ದ. ಯಾಕೆ ಇಟ್ಟೆ ಎಂದು ಅವನೂ ಯೋಚಿಸಿರಲಿಲ್ಲ. ಇಳಿಜಾರಿಗೆ ಅಂಟಿಕೊಂಡ ಊರದು. ಅಲ್ಲಿ ಮುಂದಿನ ಬಾಗಿಲು ಒಂದು ಬೀದಿಗಾದರೆ ಹಿಂದಿನ ಬಾಗಿಲು ಮಹಡಿಯೆತ್ತರದ ಇನ್ನೊಂದು ಬೀದಿಗೆ. ನೆಲ ಎಂದರೆ ಸಮ ಇರಬೇಕು ಎಂಬ ಆಸೆಯನ್ನೇ ಜನ ಬಿಟ್ಟಿದ್ದರು.

ಬಸ್ಸಿನಲ್ಲಿ ವಾಪಸು ಹೋಗುವಾಗ ಬೆರಿಲ್ ರೋಲಂಡ್‌ಗೆ ಹೇಳಿದಳು: "ನಿಮ್ಮ ಅಡುಗೆಮನೆ ನೆಲ ವಾಲಿದೆ."

ರೋಲಂಡ್ ಬ್ರೇಕ್ ಹಾಕಿದ. ಹಿಂದೆ ಕೂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು.

"ಆ ನೆಲ ನಾನು ಹುಟ್ಟಿದ ವರ್ಷ ಅಪ್ಪ ಕೈಯಾರೆ ಹಾಕಿದ್ದು. ಅದರ ಮೇಲೆ ಬಿಲಿಯರ್ಡ್ಸ್ ಆಡಬಹುದು ಅಂತ ಇವತ್ತಿಗೂ ಹೇಳ್ತಾನೆ. ಲ್ಯಾಂಕಾಶೈರಿನವಳು ಬಂದು ನೆಲ ವಾಲಿದೆ ಅಂದ್ರೆ ನಮ್ಮ ಮದುವೆ ಕತೆ ಮುಗೀತು ಅಂತ ತಿಳ್ಕೋ. ನೀನು ನೋಡೇ ಇಲ್ಲ."

"ನಾನು ನೋಡೇ ಇಲ್ಲ," ಎಂದಳು ಬೆರಿಲ್.

ಹೀಗಿರುವಾಗ ಹಿಲ್ಡಾ ತನ್ನ ತೀರ್ಮಾನ ಹೇಳಿದಳು. ಈ ಬರುವ ಭಾನುವಾರವೂ ಪುಡ್ಡಿಂಗ್ ವಾಲಿದರೆ ತಗಡು ಬಂಗಲೆಗೆ ಬರಬೇಕು. ಭಾನುವಾರವೂ ಬಂಗಲೆಗೆ ಬರಬೇಕು. ಹೆರಾಲ್ಡ್ ಪೈಪ್ ಕಚ್ಚಿಕೊಂಡು, "ಅಕ್ಕ ಹೇಳೋದೂ ಒಂಥರಾ ಸರಿನೇ" ಎಂದ. ಅಪ್ಪನ ಕಾಲದಿಂದಲೂ ಅವನು ಹೇಳುತ್ತಿದ್ದುದು ಅಷ್ಟೇ.

ವಿನ್ನಿ ಆ ವಾರವೆಲ್ಲ ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಅದನ್ನೇ ಯೋಚಿಸಿದಳು. ತಗಡು ಹೋದರೆ ಹೋಗಲಿ. ಆದರೆ ಬಂಗಲೆಯ ಊಟದ ಮೇಜಿಗೆ ನಾಲ್ಕೇ ಕುರ್ಚಿ. ಹಿಲ್ಡಾ, ಹೆರಾಲ್ಡ್, ತಾನು, ರೋಲಂಡ್. ಐದನೆಯ ಕುರ್ಚಿ ಇಲ್ಲ, ಹಿಲ್ಡಾ ತರಿಸುವುದೂ ಇಲ್ಲ. ಬೆರಿಲ್‌ಗೆ ಜಾಗವಿಲ್ಲದ ಕಡೆಗೆ ರೋಲಂಡ್ ಬರುವವನಲ್ಲ. ವಾರಕ್ಕೊಂದು ದಿನ ಮಗ ಎದುರಿಗೆ ಕೂತು, ಬಾಯಿ ತುಂಬ ತುಂಬಿಕೊಂಡು ಮಾತಾಡಿ, ತಾನು "ನುಂಗಿ ಮಾತಾಡೋ" ಎಂದು ಗದರುವ ಆ ಒಂದು ಹೊತ್ತು ಕೈಬಿಟ್ಟು ಹೋಗುತ್ತದೆ. ಆ ಕಡ್ಡಿಯಂಥ ಹುಡುಗಿ ಈಚೆಗೆ ಎರಡನೇ ಸಲ ಬಡಿಸಿಕೊಳ್ಳುವಷ್ಟು ಸಲುಗೆಗೆ ಬಂದಿದ್ದಳು. ಅದೂ ಹೋಗುತ್ತದೆ.

ಭಾನುವಾರ ಬಂತು. ಮಾಂಸ ಬೆಂದು ಹೊರಗೆ ಬಂದು ವಿಶ್ರಾಂತಿ ಪಡೆಯುತ್ತಿತ್ತು. ಅದರಿಂದ ಇಳಿದ ಕೊಬ್ಬು ತಗಡಿನಲ್ಲಿ ಹೊಗೆಯಾಡತೊಡಗಿತ್ತು. ಬೆರಿಲ್ ಮೇಜಿನ ಬಳಿ ಬಟಾಣಿ ಸುಲಿಯುತ್ತಿದ್ದಳು. ವಿನ್ನಿ ಹಿಟ್ಟಿನ ಜಗ್ಗನ್ನು ಕೈಗೆತ್ತಿಕೊಳ್ಳುವುದಕ್ಕೂ ಅಡುಗೆಮನೆಗೆ ಬೆಳಕು ಕಡಿಮೆಯಾಗುವುದಕ್ಕೂ ಸರಿಹೋಯಿತು.

ಹೊಸ್ತಿಲ ಮೇಲೆ ಹಿಲ್ಡಾ ನಿಂತಿದ್ದಳು. ಟೋಪಿ, ಕೋಟು, ಕೈಚೀಲ ಸಮೇತ.

"ಇವತ್ತು ನಾನೇ ಕಣ್ಣಾರೆ ನೋಡ್ತೀನಿ," ಎಂದು ಹೊಸ್ತಿಲು ದಾಟಿದಳು. ತಾಯಿ ಹೋದ ಮೇಲೆ ಇದೇ ಮೊದಲು. ಒಂದು ಕ್ಷಣ ಸುತ್ತ ನೋಡಿ, ಹಳೆಯ ಒಲೆ ಇದ್ದ ಜಾಗ ನೋಡಿ, ಯಾರಿಗೂ ಅಡ್ಡವಾಗದಂತೆ ಪೂರ್ವದ ಮೂಲೆಗೆ ಹೋಗಿ ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ನೆಲ ಒಮ್ಮೆ ನರಳಿತು. ಗೂಟಕ್ಕೆ ನೇತುಹಾಕಿದ್ದ ಸೌಟು ಟಿಣ್ ಎಂದಿತು.

ಬೆರಿಲ್‌ಳ ಕೈಯಿಂದ ಜಾರಿದ ಕಾಳೊಂದು ಪಶ್ಚಿಮಕ್ಕೆ ಹೊರಟಿತ್ತು. ಅದು ನಡುದಾರಿಯಲ್ಲಿ ನಿಂತಿತು. ಏನೋ ಮರೆತವರಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ವಿನ್ನಿ ಓವನ್ ತೆರೆದು ಹಿಟ್ಟು ಸುರಿದಳು. ಚೊರ್ ಎಂದಿತು. ಪ್ರತಿ ವಾರ ಗಂಡನ ಮನೆಗೆ ಹೊರಟವಳ ಹಾಗೆ ಪಶ್ಚಿಮಕ್ಕೆ ಓಡುತ್ತಿದ್ದ ಹಿಟ್ಟು ಈ ಸಲ ನಾಲ್ಕೂ ಮೂಲೆಗೆ ನಿಧಾನವಾಗಿ ಹರಡಿ, ಕೆರೆಯ ನೀರಿನಂತೆ ಸಮವಾಗಿ ನಿಂತಿತು. ಅವಳು ಮೆಲ್ಲನೆ ಬಾಗಿಲು ಮುಚ್ಚಿದಳು.

ಬೆರಿಲ್ ಕಾಳೆತ್ತುವ ನೆಪದಲ್ಲಿ ಬಗ್ಗಿ ಅವಳ ಕಿವಿಯ ಬಳಿ ಬಂದಳು. "ಮಿಸೆಸ್ ಕ್ರಾಬ್‌ಟ್ರೀ, ಅವ್ರು ಅಲ್ಲಿಂದ ಕದಲಬಾರ್ದು."

"ಯಾರು?"

ಬೆರಿಲ್ ಕಣ್ಣಿನಲ್ಲೇ ಕಾಳನ್ನು ತೋರಿಸಿದಳು, ಹಿಲ್ಡಾಳ ಬೂಟನ್ನು ತೋರಿಸಿದಳು, ಓವನ್ ತೋರಿಸಿದಳು. ವಿನ್ನಿ ಮಗನನ್ನು ಬೆಳೆಸಿದವಳು. ಮಾತಿಲ್ಲದ ಮಾತು ಅವಳಿಗೆ ಬೇಗ ಅರ್ಥವಾಗುತ್ತಿತ್ತು. ತನ್ನ ಚಪ್ಪಲಿಯ ತುದಿಗೆ ಯಾಕೆ ಯಾವಾಗಲೂ ಬಟಾಣಿ ಬಂದು ಸೇರುತ್ತದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಹಲಗೆಯ ನೆಲ ನಡುವೆ ಎಲ್ಲೋ ಆತುಕೊಂಡಿತ್ತು. ಒಂದು ತುದಿಗೆ ಓವನ್. ಇನ್ನೊಂದು ತುದಿಗೆ ಇಷ್ಟು ದಿನ ಯಾರೂ ಇರಲಿಲ್ಲ, ಈಗ ಹಿಲ್ಡಾ. ಮಕ್ಕಳಾಡುವ ಏರಿಳಿಯುವ ಹಲಗೆ, ಅಷ್ಟೇ.

ಹೇಳಿಬಿಟ್ಟರೆ? "ಅತ್ತಿಗೆ, ನಿಮ್ಮ ಭಾರದಿಂದ ನನ್ನ ಪುಡ್ಡಿಂಗ್ ಉಬ್ಬುತ್ತೆ" ಎಂದರೆ ಹಿಲ್ಡಾ ಅವಮಾನದಿಂದಲೋ ಹಟದಿಂದಲೋ ಆ ಕ್ಷಣವೇ ಬೀದಿಗೆ ಇಳಿಯುತ್ತಾಳೆ. ಪುಡ್ಡಿಂಗ್ ಉಬ್ಬಿ ಗಟ್ಟಿಯಾಗುವವರೆಗೂ ಆಕೆಯನ್ನು ಅಲ್ಲೇ ನಿಲ್ಲಿಸಬೇಕು. ಯಾಕೆ ಎಂದು ತಿಳಿಯಬಾರದು.

"ಸರಿ, ಒಳಗೆ ಹೋಯ್ತಲ್ಲ. ನಾನು ಮುಂದಿನ ಕೋಣೆಗೆ ಹೋಗಿ ಕೂತ್ಕೋತೀನಿ," ಎಂದು ಹಿಲ್ಡಾ ಒಂದು ಹೆಜ್ಜೆ ಮುಂದಿಟ್ಟಳು. ನೆಲ ನಿಟ್ಟುಸಿರು ಬಿಟ್ಟಿತು. ಗಾಜಿನ ಹಿಂದೆ ಹಿಟ್ಟು ಪಶ್ಚಿಮಕ್ಕೆ ಮೆಲ್ಲನೆ ಕಣ್ಣು ಹಾಯಿಸಿತು.

"ಅತ್ತಿಗೇ!"

"ಏನೇ? ಕಿರಿಚ್ತೀಯ ಯಾಕೆ?"

"ನಿಮ್ಮ… ನಿಮ್ಮ ಮೊಣಕಾಲು ಹೇಗಿದೆ?"

ಹಿಲ್ಡಾ ಹಿಂದಕ್ಕೆ ಸರಿದು ಮತ್ತೆ ಬಾಗಿಲಿಗೆ ಒರಗಿದಳು. ಮೊಣಕಾಲಿನ ವಿಷಯ ನಿಂತಲ್ಲೇ ಮುಗಿಯುವಂಥದ್ದಲ್ಲ. ಡಾಕ್ಟರ್ ಏನಂದ, ತಾನೇನಂದೆ, ಹಿಂದಿನ ಡಾಕ್ಟರ್ ಇದ್ದಿದ್ದರೆ ಏನನ್ನುತ್ತಿದ್ದ, ಎಲ್ಲ ಬಂತು. ಆದರೆ ಆ ಕತೆಯ ಕೊನೆ ಎಲ್ಲಿಗೆ ಹೋಗುತ್ತದೆಂದು ವಿನ್ನಿ ಯೋಚಿಸಿರಲಿಲ್ಲ.

"ಅದಕ್ಕೇ ಹೆಚ್ಚು ಹೊತ್ತು ನಿಂತ್ಕೋಬಾರ್ದು ನಾನು. ಕೂತ್ಕೋಬೇಕು."

ಬೆರಿಲ್ ಹಾರಿಬಂದು ಮುಂದಿನ ಕೋಣೆಯಿಂದ ತೋಳುಕುರ್ಚಿಯನ್ನೇ ಎಳೆದುಕೊಂಡು ಬಂದು ಆಕೆಯ ಹಿಂದೆ ಇಟ್ಟಳು. ಹಿಲ್ಡಾ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದಕ್ಕೆಲ್ಲ ಎಲ್ಲಿಂದ ಬರುತ್ತಪ್ಪ ಶಕ್ತಿ, ತಿನ್ನೋದು ಗುಬ್ಬಚ್ಚಿ ಅಷ್ಟು," ಎಂದು ಕೂತಳು.

ಅಷ್ಟರಲ್ಲಿ ಪಶ್ಚಿಮದ ಬಾಗಿಲಿಂದ ಹೆರಾಲ್ಡ್ ಒಳಗೆ ಬಂದ. ಪಾರಿವಾಳಕ್ಕೆ ಕಾಳು ಹಾಕಿ ಬಂದವನು ಕೈ ಬೆಚ್ಚಗೆ ಮಾಡಿಕೊಳ್ಳಲು ನೇರ ಓವನ್ನಿನ ಮುಂದೆ ಹೋಗಿ ನಿಂತ. ಅವನ ಹಿಂದೆ ರೋಲಂಡ್. ನೆಲ ಕೆಳಗಿಳಿಯಿತು.

"ಆಚೆ! ಆಚೆ ಹೋಗ್ರೀ!" ಎಂದು ವಿನ್ನಿ ಸೌಟು ಬೀಸಿದಳು.

"ನನ್ನ ಮನೇಲಿ ನಾನು ಎಲ್ಲಿ ನಿಲ್ಲಲಿ?"

"ಅಕ್ಕನ ಪಕ್ಕ ನಿಲ್ರೀ. ಎಷ್ಟು ದಿನಕ್ಕೆ ಒಳಗೆ ಬಂದಿದ್ದಾರೆ, ಮಾತಾಡಿಸೋದು ಬೇಡವಾ?"

ಬೆರಿಲ್ ಮಾವನಾಗಬೇಕಾದವನ ತೋಳು ಹಿಡಿದು, ಗಂಡನಾಗಬೇಕಾದವನ ಬೆನ್ನು ನೂಕಿ, ಇಬ್ಬರನ್ನೂ ಪೂರ್ವದ ಮೂಲೆಗೆ ತಳ್ಳಿದಳು. ತಾನೂ ಹೋಗಿ ಸೇರಿಕೊಂಡಳು. ಉಗ್ರಾಣದ ಬಾಗಿಲ ಮುಂದೆ ಮೂವರು ಭುಜಕ್ಕೆ ಭುಜ ತಾಗಿಸಿ ನಿಂತಂತಾಯಿತು, ಒಬ್ಬರು ಕೂತಂತಾಯಿತು.

"ಇದೇನು, ಅಡುಗೆಮನೆಯಾ ಬಸ್ಸಾ?" ಎಂದ ಹೆರಾಲ್ಡ್.

"ಹಿಂದೆ ಸರೀರಿ, ಹಿಂದೆ ಜಾಗ ಇದೆ," ಎಂದ ರೋಲಂಡ್, ಅಭ್ಯಾಸಬಲದಿಂದ.

"ನನ್ನ ಕಾಲು ತುಳೀಬೇಡ್ವೋ! ಏನಾಗಿದೆ ಈ ಮನೆಗೆ?" ಹಿಲ್ಡಾ ಕುರ್ಚಿಯ ತೋಳುಗಳನ್ನು ಹಿಡಿದು ಏಳಲು ಹೊರಟಳು. "ಗ್ಯಾಸ್ ಸೋರ್ತಾ ಇದ್ಯಾ? ಎಲ್ರಿಗೂ ತಲೆ ಕೆಟ್ಟಿದೆ. ನಾನು ಹೋಗ್ತೀನಿ."

ಗಾಜಿನ ಹಿಂದೆ ಪುಡ್ಡಿಂಗ್ ಈಗಷ್ಟೇ ನಾಲ್ಕೂ ಕಡೆಯಿಂದ ತಲೆಯೆತ್ತುತ್ತಿತ್ತು. ಇನ್ನೂ ಎಳೆಯದು. ಈಗ ವಾಲಿದರೆ ಮತ್ತೆ ಏಳುವುದಿಲ್ಲ. ಹಿಲ್ಡಾಳನ್ನು ಕೂರಿಸುವಂಥ ಮಾತು ಯಾವುದಿದೆ? ಹವಾಮಾನ ಸಾಲದು, ಮೊಣಕಾಲು ಮುಗಿಯಿತು. ಬಾಯಿಗೆ ಬಂದದ್ದು, ಈ ಮನೆಯಲ್ಲಿ ಯಾರೂ ಎಂದೂ ಕೇಳಿರದ ಮಾತು.

"ಅತ್ತಿಗೆ, ಅವತ್ತು ತಗಡನ್ನ ಯಾಕೆ ತೊಳೆದ್ರಿ?"

ಹೆರಾಲ್ಡ್‌ನ ಪೈಪ್ ಬಾಯಿಂದ ಜಾರಿತು. ಯಾರೂ ಎತ್ತಲಿಲ್ಲ.

ಹಿಲ್ಡಾ ಏಳಲು ಹೊರಟವಳು ಹಾಗೇ ಕೂತಳು. ಪೂರ್ತಿ ಭಾರ ಬಿಟ್ಟು ಕೂತಳು. ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು.

"ಅವತ್ತು ಅಮ್ಮನ ಹುಟ್ಟುಹಬ್ಬ," ಎಂದಳು. "ನನಗೆ ಏನೂ ಕೊಡೋಕೆ ಇರ್ಲಿಲ್ಲ. ಮಿಲ್ಲಿನ ಸಂಬಳಾನೆಲ್ಲ ಅಮ್ಮನ ಕೈಗೇ ಕೊಡ್ತಿದ್ವಲ್ಲ. ಎಲ್ಲ ಪಾತ್ರೇನೂ ಹೊಳೀತಿತ್ತು, ಅದೊಂದೇ ಕಪ್ಪಗಿತ್ತು. ಹೊಳೆಯೋ ಹಾಗೆ ಮಾಡಿ ಮೇಜಿನ ಮೇಲಿಟ್ರೆ ಅಮ್ಮ ಖುಷಿಪಡ್ತಾಳೆ ಅಂದ್ಕೊಂಡೆ. ಬೆಳಗಿಂದ ತಿಕ್ಕಿದೆ ಕಣೇ. ಬೆರಳಿಂದ ರಕ್ತ ಬರೋವರೆಗೆ ತಿಕ್ಕಿದೆ. ಕನ್ನಡಿ ಥರ ಆಗಿತ್ತು. ಮುಖ ಕಾಣ್ತಿತ್ತು ಅದ್ರಲ್ಲಿ."

"ಅದನ್ನ ಅತ್ತೆಗೆ ಹೇಳಿದ್ರಾ?"

"ಅಮ್ಮ ಕೇಳ್ಲೇ ಇಲ್ಲವಲ್ಲ. ಕಿಟಕಿ ನೋಡ್ತಾ ಕೂತಳು. ಕೇಳದೇ ಇದ್ರೆ ಏನಂತ ಹೇಳೋದು?"

ಯಾರೂ ಅಲುಗಾಡಲಿಲ್ಲ. ಅಲುಗಾಡಬಾರದೆಂದು ಬೆರಿಲ್ ರೋಲಂಡ್‌ನ ಕೋಟಿನ ಅಂಚು ಹಿಡಿದುಕೊಂಡಿದ್ದಳು, ನಿಜ. ಆದರೆ ಅವಳು ಹಿಡಿಯದಿದ್ದರೂ ರೋಲಂಡ್ ಅಲುಗಾಡುತ್ತಿರಲಿಲ್ಲ. ಹೆರಾಲ್ಡ್ ಅಕ್ಕನ ಟೋಪಿಯ ಮೇಲಿದ್ದ ಕಾಗದದ ಹೂವನ್ನು, ಅದು ವಾಲಿಲ್ಲದಿದ್ದರೂ, ನೆಟ್ಟಗೆ ಮಾಡಿದ. "ಅಮ್ಮನೂ ಮೊಂಡಿ," ಎಂದ. ಅವನ ಪಾಲಿಗೆ ಅದು ದೊಡ್ಡ ಭಾಷಣ.

ವಿನ್ನಿ ಕಣ್ಣೊರೆಸಿಕೊಂಡು ಗಾಜಿನತ್ತ ತಿರುಗಿದಳು. ಕಣ್ಣು ಮತ್ತೆ ಒರೆಸಿಕೊಂಡಳು.

ಪುಡ್ಡಿಂಗ್ ಕೋಟೆಯಂತೆ ಎದ್ದು ನಿಂತಿತ್ತು. ನಾಲ್ಕು ಗೋಡೆ, ನಾಲ್ಕೂ ಒಂದೇ ಎತ್ತರ. ನಡುವೆ ಗ್ರೇವಿಗೆ ಕೊಳ. ಹೊಂಬಣ್ಣ.

ಅದನ್ನು ಮುಂದಿನ ಕೋಣೆಗೆ ಒಯ್ಯುವಾಗ ಇಡೀ ಸಂಸಾರ ಮೆರವಣಿಗೆಯ ಹಾಗೆ ಹಿಂದೆ ಬಂತು. ಐದು ತುಂಡು ಮಾಡಿ, ಗ್ರೇವಿ ಸುರಿದು, ಎಲ್ಲರೂ ತಲೆ ತಗ್ಗಿಸಿ ತಿಂದರು. ಆ ಮನೆಗಳಲ್ಲಿ ಒಳ್ಳೆಯ ಪುಡ್ಡಿಂಗ್ ತಿನ್ನುವಾಗ ಮಾತಾಡುವುದಿಲ್ಲ. ಕೊನೆಗೆ ಹಿಲ್ಡಾ ಚಮಚ ಕೆಳಗಿಟ್ಟಳು.

"ಉಬ್ಬಿದೆ," ಎಂದಳು.

ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಆಕೆಯ ಬಾಯಿಂದ ಯಾರೂ ಕೇಳಿರಲಿಲ್ಲ.

"ನಾನು ಒಳಗೆ ಬಂದು ನಿಂತಿದ್ದಕ್ಕೆ ಉಬ್ಬಿದೆ," ಎಂದು ಸೇರಿಸಿದಳು.

"ಹೌದು ಅತ್ತಿಗೆ," ಎಂದಳು ವಿನ್ನಿ. ಅವಳು ಸುಳ್ಳು ಹೇಳುವವಳಲ್ಲ, ಹೇಳಬೇಕಾಗಿಯೂ ಬರಲಿಲ್ಲ. "ನೀವು ಬಂದು ನಿಂತಿದ್ದಕ್ಕೇ ಉಬ್ಬಿದ್ದು. ನೀವು ಇಲ್ದೇ ಹೋದ್ರೆ ಆಗಲ್ಲ."

ಹಿಲ್ಡಾ ಇದನ್ನು ಬಾಯೊಳಗೆ ಹೊರಳಿಸಿ ನೋಡಿದಳು. "ಹಾಗಾದ್ರೆ ಪ್ರತಿ ವಾರ ನಾನು ಅಲ್ಲೇ ಕೂರ್ಬೇಕೇನು?"

"ಕೂರ್ಬೇಕು."

"ಬೇಗ ಬರ್ಬೇಕಾಗುತ್ತೆ."

"ಬನ್ನಿ. ಟೀ ಕುಡಿದು ಮಾತಾಡ್ತಾ ಇರೋಣ."

"ಹ್ಞೂಂ." ಹಿಲ್ಡಾ ತನ್ನ ತಟ್ಟೆಯ ಗರಿಗರಿ ಮೂಲೆಯೊಂದನ್ನು ಮುರಿದು ಬೆರಿಲ್‌ಳ ತಟ್ಟೆಗೆ ಹಾಕಿದಳು. ಆ ಮೂಲೆಯನ್ನು ಯಾರೂ ಯಾರಿಗೂ ಕೊಡುವುದಿಲ್ಲ. "ತಿನ್ನೇ ಹುಡುಗಿ. ಗುಡ್ಡದ ಮೇಲೆ ಗಾಳಿ ಬಂದ್ರೆ ವಾಪಸ್ ಲ್ಯಾಂಕಾಶೈರಿಗೇ ಹಾರ್ಕೊಂಡು ಹೋಗ್ತೀಯ."

ತಗಡಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ. ತೋಳುಕುರ್ಚಿ ಪೂರ್ವದ ಮೂಲೆಯಲ್ಲೇ ಉಳಿಯಿತು. ರೋಲಂಡ್ ಮತ್ತು ಬೆರಿಲ್ ಮದುವೆಯ ದಿನ ಗೊತ್ತುಮಾಡಿದರು. ಬೇಸಿಗೆಯಿಡೀ ಪ್ರತಿ ಭಾನುವಾರ ಹಿಲ್ಡಾ ಬೆಳಿಗ್ಗೆಯೇ ಬಂದು ಕೂತು, ಊರಿನ ಸುದ್ದಿಯೆಲ್ಲ ಹೇಳುತ್ತಾ, ಪುಡ್ಡಿಂಗ್ ಹೊರಗೆ ಬರುವವರೆಗೂ ಎದ್ದೇಳುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಹೆರಾಲ್ಡ್ ಈರುಳ್ಳಿ ತರಲು ನೆಲಮಾಳಿಗೆಗೆ ಇಳಿದವನು ತಲೆಯೆತ್ತಿ ನೋಡಿದ. ಪಶ್ಚಿಮದ ಕಡೆಯ ತೊಲೆಗಳು ಗೋಡೆಯ ಗೂಡಿನಿಂದ ಜಾರಿ ಕೆಳಗೆ ಕೂತಿದ್ದವು. ನಡುಗೋಡೆಯ ಮೇಲೆ ಇಡೀ ನೆಲ ತಕ್ಕಡಿಯಂತೆ ನಿಂತಿತ್ತು. ಪೂರ್ವದ ತುದಿ ಮಾತ್ರ ತನ್ನ ಗೂಡಿನ ತಳಕ್ಕೆ ತಾಗಿದ ಮೇಲೆ ಇನ್ನೂ ಕೆಳಗೆ ಇಳಿಯುವಂತಿರಲಿಲ್ಲ. ಅವನು ಈರುಳ್ಳಿ ತರದೆ ಮೇಲೆ ಬಂದ. ಎರಡು ದಿನ ಪಾರಿವಾಳದ ಗೂಡಿನ ಬಳಿಯೇ ಕಳೆದ. ಮೂರನೆಯ ದಿನ, "ನೆಲ ವಾಲಿದೆ, ವಿನ್ನಿ" ಎಂದ. ಹೆಂಡತಿ ಅವನ ಕೆನ್ನೆ ಸವರಿ, "ಹೌದಾ?" ಎಂದಳು.

ಭಾನುವಾರ ಹಿಲ್ಡಾ ಬಂದಾಗ ಅಂಗಳದಲ್ಲಿ ಒಂದು ಗಟ್ಟಿಮುಟ್ಟಾದ ಮರದ ಕಂಬ, ಜಾಕ್, ಸುತ್ತಿಗೆ ಬಿದ್ದಿದ್ದವು.

"ಏನದು?"

"ನೆಲಕ್ಕೆ, ಅಕ್ಕ," ಎಂದ ಹೆರಾಲ್ಡ್, ತಲೆ ತಗ್ಗಿಸಿ. "ಒಂದು ಕಡೆ ಕುಸಿದಿದೆ. ಕೆಳಗಿಂದ ಎತ್ತಿ ಕಂಬ ಕೊಟ್ರೆ ಸರಿಹೋಗುತ್ತೆ. ಊಟದೊಳಗೆ ಮುಗಿಸ್ಬಿಡ್ತೀನಿ. ಆಮೇಲೆ ಪುಡ್ಡಿಂಗ್ ತಾನಾಗೇ…"

ಅವನು ಅಲ್ಲಿಗೇ ನಿಲ್ಲಿಸಿದ. ವಿನ್ನಿ ಬಾಗಿಲಲ್ಲಿ ಜಗ್ ಹಿಡಿದು ನಿಂತಿದ್ದಳು. ಎಲ್ಲ ಬಯಲಾಯಿತು, ಇನ್ನು ಅತ್ತಿಗೆ ಈ ಮನೆಗೆ ಕಾಲಿಡುವುದಿಲ್ಲ ಎಂದುಕೊಂಡಳು.

ಹಿಲ್ಡಾ ಒಳಗೆ ನಡೆದಳು, ಟೋಪಿ ತೆಗೆದು ಮೊಳೆಗೆ ಹಾಕಿದಳು, ಮೂಲೆಯ ಕುರ್ಚಿಯಲ್ಲಿ ಕೂತಳು. ನೆಲ ನರಳಿತು. ಮೇಜಿನ ಮೇಲಿದ್ದ ಕಪ್ಪಿನಲ್ಲಿ ಟೀ ಮೆಲ್ಲನೆ ಸಮನಾಯಿತು.

"ಹೆರಾಲ್ಡ್," ಎಂದಳು, "ಆ ಕಂಬಾನ ಪಾರಿವಾಳದ ಗೂಡಿಗೆ ಹಾಕ್ಕೋ. ನನ್ನ ನೆಲದ ತಂಟೆಗೆ ಬಂದ್ರೆ ಜಾಗ್ರತೆ."

"ನಿನಗೆ ಗೊತ್ತಿತ್ತಾ ಅಕ್ಕ?"

"ನಾನು ಕೂತ ಕೂಡ್ಲೇ ಎಲ್ರ ಟೀ ನೆಟ್ಟಗಾಗುತ್ತೆ. ನಾನೇನು ಕುರುಡೀನಾ? ಮೊದಲ್ನೇ ದಿನಾನೇ ಗೊತ್ತಾಯ್ತು. ಮೂರು ಜನ ಬಂದು ನನ್ನ ಮೇಲೆ ನಿಂತ್ಕೊಂಡ್ರಲ್ಲ, ಗೊತ್ತಾಗದೇ ಇರುತ್ತಾ?" ಆಕೆ ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡಳು. "ಮೊನ್ನೆ ಡಾಕ್ಟರ್ ತೂಕ ಇಳಿಸಿ ಅಂದ. ಆಗಲ್ಲಪ್ಪ, ಒಂದು ಸಂಸಾರದ ಭಾನುವಾರ ನನ್ನ ಮೇಲೆ ನಿಂತಿದೆ ಅಂದೆ. ಏನೋ ಬರ್ಕೊಂಡ, ಪಾಪ."

"ಅಕ್ಕ, ನೆಲ ಪೂರ್ತಿ ಕುಸಿದುಬಿದ್ರೆ?"

"ಬೀಳ್ಲಿ. ಎಲ್ರೂ ಒಟ್ಟಿಗೇ ಬೀಳ್ತೀವಲ್ಲ."

ಹಿತ್ತಲ ಬಾಗಿಲಲ್ಲಿ ರೋಲಂಡ್ ಮತ್ತು ಬೆರಿಲ್ ಕಾಲಿನ ಕೆಸರು ಕೊಡವುವ ಸದ್ದಾಯಿತು. ಕೊಬ್ಬು ಹೊಗೆಯಾಡುತ್ತಿತ್ತು. ವಿನ್ನಿ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

"ಏನೇ ನೋಡ್ತಾ ನಿಂತೆ?" ಎಂದಳು ಹಿಲ್ಡಾ, ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ. "ಹಿಟ್ಟು ಹುಯ್ಯಿ. ನಾನು ಕೂತಿದ್ದೀನಿ."